ಲಾವು: ಸುಂಬಾ ದ್ವೀಪದ ಹೆಂಗಸರ ಕೈಮಗ್ಗದ ಉಡುಗೆ

ಇಂಡೋನೇಷ್ಯಾದ ಸುಂಬಾ ದ್ವೀಪದಲ್ಲಿ ಹೆಂಗಸರು ಉಡುವ, ಅಂಚುಗಳನ್ನು ಕೂಡಿಸಿ ಕೊಳವೆಯಾಕಾರದಲ್ಲಿ ಹೊಲಿದ ಲಂಗಕ್ಕೆ ಲಾವು ಎಂದು ಹೆಸರು. ಇಕ್ಕತ್ ಲಾವುವಿಗೆ ಹಾಸಿನ (ಉದ್ದೆಳೆಯ) ನೂಲನ್ನು ಮಗ್ಗಕ್ಕೇರಿಸುವ ಮೊದಲೇ ಕಂತೆಕಂತೆಯಾಗಿ ಬಿಗಿದು ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ. ಕಟ್ಟಿದಲ್ಲಿಗೆ ಬಣ್ಣ ಇಳಿಯದ ಕಾರಣ ಚಿತ್ತಾರವು ನೇಯ್ಗೆಗೆ ಮುಂಚೆಯೇ ನೂಲಿನಲ್ಲಿ ಸಿದ್ಧವಾಗಿರುತ್ತದೆ. ನೀಲಿ ಗಿಡದಿಂದ ನೀಲಿಯನ್ನೂ ನೋನಿ ಜಾತಿಯ ಮರದ ಬೇರಿನಿಂದ ಕೆಂಪನ್ನೂ ಪಡೆಯುತ್ತಾರೆ. ದ್ವೀಪದ ಪಶ್ಚಿಮದ ಕೋಡಿ ಪ್ರದೇಶದಲ್ಲಿ ನೀಲಿ ಅದ್ದುವುದು ಹೆಂಗಸರ ಗುಟ್ಟಿನ ವಿದ್ಯೆ. ಅದನ್ನು ಬಸಿರು, ಹೆರಿಗೆಗಳೊಡನೆ ಸೇರಿಸಿ ನೋಡುವುದರಿಂದ ಗಂಡಸರು ಬಣ್ಣದ ಮಡಕೆಯ ಬಳಿ ಸುಳಿಯುವಂತಿಲ್ಲ.

ಲಾವುವಿನ ಚಿತ್ತಾರಗಳಲ್ಲಿ ಪೊರೆ ಕಳಚುವ ಸಿಗಡಿ ಮರುಹುಟ್ಟನ್ನು ಸೂಚಿಸುತ್ತದೆ, ಮೊಸಳೆ ಅರಸುತನವನ್ನು ಸಾರುತ್ತದೆ ಎಂಬಂಥ ವಿವರಣೆಗಳು ಸುಳ್ಳಲ್ಲವಾದರೂ ಅಷ್ಟರಿಂದ ಲಾವು ಅರ್ಥವಾಗುವುದಿಲ್ಲ. ಮಾಮುಲಿ ಎಂಬ ಚಿತ್ತಾರವನ್ನೇ ನೋಡಬಹುದು. ಮಾಮುಲಿಯೆಂದರೆ ಹೆಣ್ಣಿನ ಜನನಾಂಗವನ್ನು ಹೋಲುವ ಲೋಹದ ಒಡವೆ, ಸಂತಾನ ಸಮೃದ್ಧಿಯ ಕುರುಹು. ಸುಂಬಾದ ಮದುವೆಯಲ್ಲಿ ಗಂಡಿನ ಕಡೆಯವರು ಮಾಮುಲಿ, ಕುದುರೆ, ಎಮ್ಮೆಗಳನ್ನು ಕೊಟ್ಟರೆ ಹೆಣ್ಣಿನ ಕಡೆಯವರು ಪ್ರತಿಯಾಗಿ ನೇಯ್ದ ಬಟ್ಟೆಗಳನ್ನು ಕೊಡುತ್ತಾರೆ. ಹೀಗೆ ಬೀಗರಿಂದ ಬರುವ ಒಡವೆ, ಬೀಗರಿಗೆ ಹೋಗುವ ಬಟ್ಟೆಯ ಮೇಲೆ ಚಿತ್ತಾರವಾಗಿ ಮೂಡುತ್ತದೆ. ಎರಡು ಮನೆತನಗಳ ಕೊಡುಕೊಳ್ಳುವಿಕೆಯನ್ನು ಬಿಟ್ಟು ಇದನ್ನು ಬರಿಯ ಫಲವಂತಿಕೆಯ ಚಿಹ್ನೆಯೆಂದರೆ ಅರ್ಧ ಮಾತು ಹೇಳಿದಂತೆ.

ಯಾರು ಯಾವುದನ್ನು ಉಡಬಹುದು ಎಂಬುದೂ ಅರ್ಥದ ಭಾಗವೇ. ಗುಜರಾತಿನ ಪಟೋಲ ರೇಷ್ಮೆ ವ್ಯಾಪಾರಿ ಹಡಗುಗಳಲ್ಲಿ ಈ ದ್ವೀಪಸಮೂಹವನ್ನು ತಲುಪಿ, ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಸ್ಥಳೀಯ ಒಡೆಯರಿಗೆ ಸಲ್ಲುವ ಕಾಣಿಕೆಯೂ ಆಗಿತ್ತು. ಅದರ ವಿನ್ಯಾಸವನ್ನು ಅನುಸರಿಸಿದ ‘ಪಟೋಲ ರಾತು’ ಚಿತ್ತಾರ ಪೂರ್ವ ಸುಂಬಾದಲ್ಲಿ ಅರಸು ಮನೆತನಗಳಿಗೆ ಮೀಸಲಾಯಿತು. ಪಟೋಲದಲ್ಲಿ ಹಾಸು, ಹೊಕ್ಕು (ಅಡ್ಡೆಳೆ) ಎರಡನ್ನೂ ಕಟ್ಟಿ ಬಣ್ಣ ಹಾಕುತ್ತಾರೆ. ಸುಂಬಾದವರು ಆ ರೇಷ್ಮೆಯ ವಿನ್ಯಾಸವನ್ನು ಹತ್ತಿಯ ಹಾಸಿನಲ್ಲಷ್ಟೇ ಮೂಡಿಸಿದರು.

ಎಲ್ಲ ಲಾವುಗಳೂ ಇಕ್ಕತ್ ಅಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಹೆಚ್ಚುವರಿ ಹಾಸಿನ ಎಳೆಗಳಿಂದ ಚಿತ್ತಾರವನ್ನು ಎತ್ತಿ ನೇಯುವ ‘ಲಾವು ಪಹಿಕುಂಗ್’ ಮತ್ತು ಮಣಿ, ಕವಡೆಗಳನ್ನು ಪೋಣಿಸಿದ ‘ಲಾವು ಹಾದ’ ಪೂರ್ವ ಸುಂಬಾದಲ್ಲಿ ಇಕ್ಕತ್ತಿಗಿಂತ ಕಡಿಮೆ ಗೌರವದವೇನಲ್ಲ. ಇಂದು ಮಾರಾಟಕ್ಕೆಂದೇ ನೇಯುವ ಬಟ್ಟೆಗಳಲ್ಲಿ ಹಳೆಯ ಮೀಸಲುಗಳು ಸಡಿಲವಾಗಿದ್ದು, ಹಣ ಕೊಟ್ಟವರಿಗೆಲ್ಲ ಅರಸುಮನೆಯ ಚಿತ್ತಾರವೂ ಸಿಗುತ್ತದೆ.