ನಾನು ಬರೆದ ಪೆನ್ನು, ಅದರ ಹಿಂದೆ ಬರೋ ‘ವಿತ್’

‘ದ ಪೆನ್ ವಿಚ್ ಐ ರೋಟ್’ ಅಂತ ಬರೆದು ಟೀಚರ್ ಹತ್ರ ಕೆಂಪು ಗೆರೆ ಹಾಕಿಸ್ಕೊಂಡವರು ನಮ್ಮಲ್ಲಿ ತುಂಬಾ ಜನ ಇದ್ದಾರೆ, ನಾನೂ ಹಾಕಿಸ್ಕೊಂಡಿದೀನಿ. ಕೊನೇಲಿ ‘ವಿತ್’ ಬೇಕು ಅಂತ ಹೇಳ್ತಾರೆ, ಯಾಕೆ ಬೇಕು ಅಂತ ಹೇಳಲ್ಲ. ಆ ತಪ್ಪಿನ ಬೇರು ಇರೋದು ಕನ್ನಡದಲ್ಲೇ.

ನೋಡಿ, ‘ನಾನು ಬರೆದ ಪತ್ರ’ ಅಂತೀವಿ, ‘ನಾನು ಬರೆದ ಪೆನ್ನು’ ಅಂತೀವಿ, ‘ನಾನು ಬರೆದ ದಿನ’ ಅಂತಾನೂ ಅಂತೀವಿ. ಪತ್ರವನ್ನು ಬರೆದದ್ದು, ಪೆನ್ನಿನಿಂದ ಬರೆದದ್ದು, ಆ ದಿನದಂದು ಬರೆದದ್ದು, ಆದ್ರೆ ಆ ‘ಅನ್ನು’, ‘ಇಂದ’, ‘ಅಂದು’ ಎಲ್ಲಾ ಮಾಯ! ‘ಬರೆದ’ ಅನ್ನೋ ಕೃದಂತ (ಕ್ರಿಯಾಪದದಿಂದ ಹುಟ್ಟಿದ ಪದ) ಒಂದೇ ಮೂರಕ್ಕೂ ಸಾಕಾಗುತ್ತೆ, ವಿಭಕ್ತಿ ಏನಿತ್ತು ಅನ್ನೋದನ್ನ ಕೇಳೋರು ಅರ್ಥದಿಂದಲೇ ತುಂಬ್ಕೊಳ್ತಾರೆ.

ಇಂಗ್ಲಿಷಲ್ಲಿ ರಿಲೇಟಿವ್ ಕ್ಲಾಝ್, ಅಂದ್ರೆ ‘ನಾನು ಬರೆದ’ ಥರ ನಾಮಪದವನ್ನ ವಿವರಿಸೋ ಉಪವಾಕ್ಯ, ಆ ನಾಮಪದ ಆದ್ಮೇಲೆ ಬರುತ್ತೆ, ಅದರೊಳಗೆ ಆ ನಾಮಪದ ಇರಬೇಕಾಗಿದ್ದ ಜಾಗ ಖಾಲಿ ಬಿದ್ದಿರುತ್ತೆ. ‘ಐ ರೋಟ್ ವಿತ್ ದ ಪೆನ್’ ಅನ್ನೋದ್ರಿಂದ ಪೆನ್ನನ್ನ ಎತ್ತಿ ಮುಂದೆ ತಂದ್ರೆ ‘ವಿತ್’ ಅಲ್ಲೇ ಉಳ್ಕೊಳ್ಳುತ್ತೆ, ‘ದ ಪೆನ್ ಐ ರೋಟ್ ವಿತ್’. ಬೇಕಿದ್ರೆ ಅದನ್ನೂ ಜೊತೆಗೆ ಕರ್ಕೊಂಡು ಬಂದು ‘ದ ಪೆನ್ ವಿತ್ ವಿಚ್ ಐ ರೋಟ್’ ಅನ್ನಬಹುದು, ಆದ್ರೆ ಬಿಟ್ಟುಬಿಡೋ ಹಾಗಿಲ್ಲ. ನನಗೆ ಮೊದಲನೇದೇ ಇಷ್ಟ, ದಿನದ ಮಾತಲ್ಲಿ ಕೇಳಿಸೋದು ಅದೇ. ಇನ್ನೊಂದು, ಆ ಖಾಲಿ ಜಾಗ ಖಾಲಿಯಾಗೇ ಇರಬೇಕು, ‘ದ ಬಾಯ್ ಹೂ ಐ ಮೆಟ್ ಹಿಮ್’ ಅಂತ ‘ಹಿಮ್’ ತಂದು ತುರುಕಬಾರದು.

1977ರಲ್ಲಿ ಎಡ್ವರ್ಡ್ ಕೀನನ್ ಮತ್ತು ಬರ್ನಾರ್ಡ್ ಕಾಮ್ರಿ ಅನ್ನೋ ಭಾಷಾವಿಜ್ಞಾನಿಗಳು ಸುಮಾರು 50 ಭಾಷೆಗಳನ್ನ ಪಕ್ಕಪಕ್ಕ ಇಟ್ಟು ನೋಡಿ, ವಾಕ್ಯದೊಳಗಿಂದ ಯಾವ ನಾಮಪದವನ್ನ ಹೀಗೆ ಹೊರಗೆ ತರೋದು ಸುಲಭ, ಯಾವುದನ್ನ ಕಷ್ಟ ಅನ್ನೋದರ ಒಂದು ಏಣಿ ತೋರಿಸಿದ್ರು. ಮೇಲಿನ ಮೆಟ್ಟಿಲಲ್ಲಿ ಕರ್ತೃ, ಆಮೇಲೆ ಕರ್ಮ, ನಮ್ಮ ‘ಪೆನ್ನಿನಿಂದ’ ಥರದ್ದು ಇನ್ನೂ ಕೆಳಗೆ, ಕೆಳಗೆ ಹೋದಷ್ಟೂ ಕಷ್ಟ. ಮಡಗಾಸ್ಕರ್‌ನ ಮಲಗಾಸಿ ಭಾಷೇಲಂತೂ ಹೀಗೆ ಹೊರಗೆ ತರೋಕೆ ಕರ್ತೃವಿಗೆ ಮಾತ್ರ ಅವಕಾಶ.

ವಿಭಕ್ತಿ ಬಿಡೋದ್ರಿಂದ ನಮಗೂ ಒಮ್ಮೊಮ್ಮೆ ಫಜೀತಿ ಆಗುತ್ತೆ. ‘ಹುಲಿ ಕೊಂದ ಬೇಟೆಗಾರ’ ಅಂದ್ರೆ ಸತ್ತಿದ್ದು ಯಾರು, ಹುಲೀನಾ ಬೇಟೆಗಾರನಾ? ಇಂಗ್ಲಿಷಲ್ಲಿ ಪದ ಕೂತಿರೋ ಜಾಗವೇ ಹೇಳಿಬಿಡುತ್ತೆ. ‘ದ ಹಂಟರ್ ಹೂ ಕಿಲ್ಡ್ ದ ಟೈಗರ್’ ಅಂದ್ರೆ ಹುಲಿ ಸತ್ತಿದೆ, ಇಲ್ಲಿ ‘ಹೂ’ ಆದ ತಕ್ಷಣ ಕ್ರಿಯಾಪದ ಬಂದಿದೆ, ಹಾಗಾಗಿ ‘ಹೂ’ ತೆಗೆಯೋಕಾಗಲ್ಲ. ‘ದ ಹಂಟರ್ ಹೂ ದ ಟೈಗರ್ ಕಿಲ್ಡ್’ ಅಂದ್ರೆ ಬೇಟೆಗಾರ ಸತ್ತ, ಇಲ್ಲಿ ‘ಹೂ’ ಬಿಟ್ಟು ಬರೀ ‘ದ ಹಂಟರ್ ದ ಟೈಗರ್ ಕಿಲ್ಡ್’ ಅಂದ್ರೂ ಸತ್ತೋನು ಬೇಟೆಗಾರನೇ.