ನೆಲ ಮುಟ್ಟಿದ ಮೇಲಿನ ಹೊತ್ತು

ಸೇನೆ ಸೇರಬೇಕೆಂದು ತಯಾರಿ ನಡೆಸುವ ಹುಡುಗರ ಮುಂದೆ ಹೆಲಿಕಾಪ್ಟರ್ ವಿಷಯ ಎತ್ತಿದರೆ ಸಾಕು, ಒಬ್ಬನಾದರೂ ಕೇಳುತ್ತಾನೆ: "ಸರ್, ಗುಂಡು ಹಾರ್ತಿರೋ ಕಡೆ ನುಗ್ಗೋವಾಗ ಭಯ ಆಗಲ್ವಾ?" ನುಗ್ಗಿದರೆ ಶೌರ್ಯದ ಕೆಲಸ ಮುಗಿಯಿತು ಅಂತ ಇವರ ಲೆಕ್ಕ. ತಿದ್ದಿ ತಿದ್ದಿ ಸಾಕಾಗಿದೆ, ಆದರೂ ಇನ್ನೊಮ್ಮೆ ಹೇಳುತ್ತೇನೆ.

ನುಗ್ಗುವಾಗ ಪೈಲಟ್‌ಗೆ ಕೈತುಂಬ ಕೆಲಸ. ವೇಗವಿದೆ, ಮರಗಳ ಮರೆಯಿದೆ, ಬೇಡವೆನಿಸಿದರೆ ಪಕ್ಕಕ್ಕೆ ವಾಲಿಕೊಂಡು ಹೋಗಬಹುದು. ಇಳಿದ ಮೇಲೆ ಇದ್ಯಾವುದೂ ಇಲ್ಲ. ರೋಟರ್, ಅಂದರೆ ತಲೆಯ ಮೇಲಿನ ರೆಕ್ಕೆ, ತಿರುಗುತ್ತಲೇ ಇರಬೇಕು. ಎಡಗೈ ಏರಿಸಿ ಇಳಿಸುವ ಕಲೆಕ್ಟಿವ್ ಹಿಡಿಕೆ ಮೇಲೆ, ಬಲಗೈ ಬೇಕಾದ ಕಡೆಗೆ ವಾಲಿಸುವ ಸೈಕ್ಲಿಕ್ ಕೋಲಿನ ಮೇಲೆ, ಕಾಲೆರಡೂ ಪೆಡಲ್ ಮೇಲೆ. ಇಳಿದು ಅಡಗುವಂತಿಲ್ಲ, ತಿರುಗಿ ಹೊಡೆಯುವಂತಿಲ್ಲ. ಬೆನ್ನ ಹಿಂದೆ ಗಾಯಾಳುಗಳನ್ನು ಹತ್ತಿಸುತ್ತಿದ್ದಾರೆ. ಹೊಟ್ಟೆಗೆ ಗುಂಡು ಬಿದ್ದವನನ್ನು ಮೂಟೆಯ ಹಾಗೆ ಎಸೆಯಲಾಗುವುದಿಲ್ಲ. "ಆಯ್ತು, ಹೊರಡಿ" ಎಂಬ ಕೂಗು ಕೇಳುವವರೆಗೆ ಸುಮ್ಮನೆ ಕೂತಿರಬೇಕು. ಕಷ್ಟ ಅಲ್ಲಿದೆ.

1965ರ ನವೆಂಬರ್ 14ರಂದು ವಿಯೆಟ್ನಾಂನ ಇಯಾ ಡ್ರಾಂಗ್ ಕಣಿವೆಯಲ್ಲಿ ಆದದ್ದು ನೋಡಿ. ಅಮೆರಿಕದ ಮೇಜರ್ ಬ್ರೂಸ್ ಕ್ರ್ಯಾಂಡಲ್ ಹದಿನಾರು ಹೆಲಿಕಾಪ್ಟರ್‌ಗಳಲ್ಲಿ ಪ್ಲೇ ಮೇ ಶಿಬಿರದಿಂದ 'ಎಕ್ಸ್-ರೇ' ಎಂಬ ಬಯಲಿಗೆ ಸೈನಿಕರನ್ನು ಸಾಗಿಸುತ್ತಿದ್ದರು. ಐದನೇ ಸರದಿಗೆ ಗುಂಡಿನ ಮಳೆ ಎಷ್ಟಾಯಿತೆಂದರೆ, ಹಿಂದೆ ಬರುತ್ತಿದ್ದ ಎಂಟನ್ನು ಕೆಳಗಿದ್ದ ಕಮಾಂಡರ್ ವಾಪಸ್ ಕಳಿಸಿದರು. ಗಾಯಾಳುಗಳನ್ನು ಒಯ್ಯುವುದು ಕ್ರ್ಯಾಂಡಲ್‌ಗೆ ವಹಿಸಿದ ಕೆಲಸವೇ ಅಲ್ಲ. ಆದರೂ ಕ್ಯಾಪ್ಟನ್ ಎಡ್ ಫ್ರೀಮನ್ ಜೊತೆಗೂಡಿ, ಆಯುಧವಿಲ್ಲದ ಹ್ಯೂಯಿ ಹೆಲಿಕಾಪ್ಟರ್‌ಗಳಲ್ಲಿ ಮತ್ತೆ ಹೋದರು. ಹೋಗುವಾಗ ಮದ್ದುಗುಂಡು, ಬರುವಾಗ ಗಾಯಾಳು. ಅಂದರೆ ಇಳಿದಲ್ಲಿ ಪೆಟ್ಟಿಗೆ ಇಳಿಸಬೇಕು, ಆಮೇಲೆ ಜನರನ್ನು ಹತ್ತಿಸಬೇಕು. ಸುಮ್ಮನೆ ಕೂರುವ ಹೊತ್ತು ಇನ್ನಷ್ಟು ಉದ್ದವಾಯಿತು. ಕ್ರ್ಯಾಂಡಲ್ ಆ ದಿನ ಒಟ್ಟು 22 ಸಲ ಹಾರಿದರು. ಫ್ರೀಮನ್ 14 ಸಲ ಹೋಗಿ ಸುಮಾರು 30 ಮಂದಿಯನ್ನು ಹೊತ್ತು ತಂದರು. ಮೊದಲ ಸಲ ಹೋಗುವವನಿಗೆ ಅಲ್ಲೇನಿದೆ ಗೊತ್ತಿರುವುದಿಲ್ಲ. ಎರಡನೇ ಸಲ ಚೆನ್ನಾಗಿ ಗೊತ್ತಿರುತ್ತದೆ.

ಗಾಯಾಳುಗಳಿಗೆಂದೇ ಇದ್ದ ಹೆಲಿಕಾಪ್ಟರ್‌ಗಳು ಅಂದು ಇಳಿಯಲಿಲ್ಲ. ಅವರನ್ನು ಹೇಡಿಗಳೆನ್ನಲು ನಾನಂತೂ ತಯಾರಿಲ್ಲ. ಗುಂಡಿನ ದಾಳಿ ನಿಲ್ಲದೆ ಇಳಿಯಕೂಡದೆಂಬ ನಿಯಮವಿತ್ತು, ನಿಯಮಕ್ಕೆ ಕಾರಣಗಳೂ ಇದ್ದವು. ಅದೇ ಕೆಲಸದಲ್ಲಿದ್ದ ಮೇಜರ್ ಚಾರ್ಲ್ಸ್ ಕೆಲ್ಲಿ ಹಿಂದಿನ ವರ್ಷ, "ವಾಪಸ್ ಹೋಗಿ" ಎಂದು ಕೆಳಗಿನಿಂದ ರೇಡಿಯೊದಲ್ಲಿ ಹೇಳಿದಾಗ, "ನಿಮ್ಮ ಗಾಯಾಳುಗಳು ಸಿಕ್ಕ ಮೇಲೆ" ಎಂದು ಉತ್ತರಿಸಿ ಅಲ್ಲೇ ಗುಂಡಿಗೆ ಬಲಿಯಾದರು.

ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಚೀತಾ ಹೆಲಿಕಾಪ್ಟರ್‌ಗಳದ್ದೂ ಸಿಯಾಚಿನ್‌ನಲ್ಲಿ ಇದೇ ಪಾಡು. ಆ ಎತ್ತರದ ಪೋಸ್ಟ್‌ಗಳಲ್ಲಿ ಎಂಜಿನ್ ಆರಿಸಿದರೆ ಮತ್ತೆ ಹೊತ್ತಿಕೊಳ್ಳುವ ಖಾತ್ರಿಯಿಲ್ಲ. ರೋಟರ್ ತಿರುಗುತ್ತಿರುವಾಗಲೇ ರೋಗಿಯನ್ನು ಹತ್ತಿಸಬೇಕು.

ಆ ದಿನ ಕ್ರ್ಯಾಂಡಲ್ ಮಾಡಿದ ಇನ್ನೊಂದು ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ಲೇ ಮೇ ದೂರವಾಯಿತೆಂದು, ಹತ್ತಿರದಲ್ಲಿದ್ದ ಫಾಲ್ಕನ್ ಎಂಬ ಫಿರಂಗಿ ನೆಲೆಗೆ ತನ್ನ ಠಿಕಾಣಿ ಬದಲಿಸಿದರು. ದಾರಿ ಕಡಿಮೆಯಾಯಿತು, ಸುತ್ತು ಹೆಚ್ಚಾದವು. ಅಷ್ಟು ಮಂದಿ ಬದುಕಿದ್ದರಲ್ಲಿ ಈ ನಿರ್ಧಾರದ ಪಾಲೂ ಇದೆ. ಇಬ್ಬರಿಗೂ ಅಮೆರಿಕದ ಅತ್ಯುನ್ನತ ಸೇನಾ ಪದಕವಾದ ಮೆಡಲ್ ಆಫ್ ಆನರ್ ಸಿಕ್ಕಿದ್ದು ದಶಕಗಳ ಮೇಲೆ, ಫ್ರೀಮನ್‌ಗೆ 2001ರಲ್ಲಿ, ಕ್ರ್ಯಾಂಡಲ್‌ಗೆ 2007ರಲ್ಲಿ.

"ನನ್ನ ಮಗನಿಗೆ ಭಯ ಅನ್ನೋದೇ ಇಲ್ಲ ಸರ್" ಎಂದು ಕರೆತರುವ ಅಪ್ಪಂದಿರಿದ್ದಾರೆ. ಒಳ್ಳೆಯದು ಎನ್ನುತ್ತೇನೆ. ಹುಡುಗನ ಕೈಗೆ ಮೊದಲು ನಕ್ಷೆ, ಸ್ಕೇಲು ಕೊಟ್ಟು ದೂರ ಅಳೆಯಲು ಕೂರಿಸುತ್ತೇನೆ. ಅರ್ಧ ಗಂಟೆಗೇ ಆಕಳಿಸುವವರೇ ಹೆಚ್ಚು.