ಬಿಲ್ಲು ಕೊಳ್ಳುವ ಮುಂಚೆ ಅಂಟು ನೋಡಿ

ಹೋದ ವರ್ಷ ಮಳೆ ನಿಂತ ಮೇಲೆ ಗೆಳೆಯನೊಬ್ಬ ಹಳೇ ರಿಕರ್ವ್ ಬಿಲ್ಲೊಂದನ್ನು ಕೊಂಡು ತಂದ. ತುದಿಗಳು ಮುಂದಕ್ಕೆ ಬಾಗಿದ ಸಾಂಪ್ರದಾಯಿಕ ಬಿಲ್ಲು. ನೋಡಲು ಬಲು ಚೆಂದ. ನಾನು ಒಂದು ಚೂರು ಹತ್ತಿ ತೆಗೆದುಕೊಂಡು ಅದರ ತೋಳುಗಳ ಮೇಲೆ, ಅಂದರೆ ಹಿಡಿಯ ಮೇಲೂ ಕೆಳಗೂ ಬಾಗುವ ಭಾಗಗಳ ಮೇಲೆ, ಮೆಲ್ಲಗೆ ಸವರಿದೆ. ಮೇಲಿನ ತೋಳಿನ ನಡುವೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟು ಬಿರುಕು. ಇದನ್ನು ಎಳೆಯಬೇಡ ಮಾರಾಯ ಅಂದೆ.

ಇಷ್ಟು ಸಣ್ಣ ಬಿರುಕಿಗೆ ಹೆದರಬೇಕಾ? ಹೆದರಬೇಕು. 40 ಪೌಂಡ್ ಬಿಲ್ಲನ್ನು ಪೂರ್ತಿ ಎಳೆದಾಗ ಬೆರಳುಗಳ ಮೇಲೆ 18 ಕಿಲೋ ಭಾರ ಬೀಳುತ್ತದೆ. ಹೆದೆ ಅರ್ಧ ಮೀಟರ್‌ನಷ್ಟು ಹಿಂದೆ ಬಂದಿರುತ್ತದೆ. ಆಗ ತೋಳುಗಳಲ್ಲಿ ಸುಮಾರು 45 ಜೂಲ್ ಶಕ್ತಿ ತುಂಬಿರುತ್ತದೆ. ನಾಲ್ಕೂವರೆ ಕಿಲೋ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದರೆ ಸಿಗುವಷ್ಟು. ಬಾಣ ಇದ್ದರೆ ಅದರ ಹೆಚ್ಚಿನ ಪಾಲು ಬಾಣದ ಜೊತೆ ಹೋಗುತ್ತದೆ. ಬಾಣವಿಲ್ಲದೆ ಸುಮ್ನೆ ಹೆದೆ ಬಿಟ್ಟರೆ ಅಷ್ಟೂ ಏಟು ತೋಳುಗಳಿಗೇ. ಮುರಿದ ಚೂರು ಹಾರುವುದು ನಮ್ಮ ಮುಖದ ಹತ್ತಿರದಲ್ಲಿ, ಅಲ್ವಾ?

ಕೊಡಗಿನಲ್ಲಿ ಇದಕ್ಕಿಂತ ಮೊದಲು ಕೇಳಬೇಕಾದದ್ದು ಅಂಟಿನ ವಿಷಯ. ತುರ್ಕರು, ಮಂಗೋಲರು, ನಮ್ಮ ಮೊಘಲರು ಬಳಸಿದ ಬಿಲ್ಲುಗಳಲ್ಲಿ ಬಿಲ್ಲುಗಾರನ ಕಡೆಗೆ ಕೊಂಬು, ಹೊರಗಡೆ ಪ್ರಾಣಿಯ ಸ್ನಾಯುರಜ್ಜುವಿನ ನಾರು, ನಡುವೆ ಮರ. ಅದುಮುವ ಒತ್ತಡವನ್ನು ಕೊಂಬು ತಡೆಯುತ್ತದೆ, ಜಗ್ಗುವುದನ್ನು ನಾರು ತಡೆಯುತ್ತದೆ. ಅದ್ಭುತ ಜೋಡಣೆ. ಆದರೆ ಮೂರನ್ನೂ ಹಿಡಿದಿಡುವುದು ಚರ್ಮ ಅಥವಾ ಮೀನಿನ ಅಂಗಾಂಶ ಕುದಿಸಿ ತೆಗೆದ ಅಂಟು. ಅದು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಒಣ ನಾಡಿನಲ್ಲಿ ನಡೆಯುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಜೂನ್ ಬಂದರೆ ಬೆಲ್ಟು, ಶೂಗಳಿಗೆ ಬೂಷ್ಟು ಹಿಡಿಯುತ್ತದೆ. ಇಲ್ಲಿ ದಿನಾ ಬಳಸಲು ಕೊಂಬಿನ ಬಿಲ್ಲು ಬೇಡ. ಮರ, ಫೈಬರ್‌ಗ್ಲಾಸ್ ಪದರಗಳನ್ನು ಎಪಾಕ್ಸಿ ಎಂಬ ರಾಸಾಯನಿಕ ಅಂಟಿನಿಂದ ಕೂಡಿಸಿದ್ದು ತೆಗೆದುಕೊಳ್ಳಿ.

ಎಪಾಕ್ಸಿಗೆ ಶತ್ರು ಬಿಸಿ. ತೇವ ತಪ್ಪಿಸಲು ಒಲೆ ಮೇಲಿನ ಅಟ್ಟಕ್ಕೆ ಹಾಕುವ ರೂಢಿ ನಮ್ಮಲ್ಲಿದೆ. ಬಿಲ್ಲನ್ನು ಮಾತ್ರ ಅಲ್ಲಿಡಬೇಡಿ. ಬಿಸಿಲಿಗೆ ನಿಂತ ಕಾರಿನಲ್ಲೂ ಬೇಡ. ಮೂಲೆಗೆ ಒರಗಿಸಿಟ್ಟರೆ ತೋಳು ತಿರುಚಿಕೊಳ್ಳುತ್ತದೆ. ಹೆದೆ ಇಳಿಸಿ ಅಡ್ಡಡ್ಡ ಇಡಿ. ಹಳೇ ಬಿಲ್ಲು ಕೊಳ್ಳುವಾಗ ಹೆದೆ ಏರಿಸಿ, ಒಂದು ತುದಿಯಿಂದ ಕಣ್ಣಿಟ್ಟು ನೋಡಿ. ಹೆದೆ ಎರಡೂ ತೋಳುಗಳ ನಟ್ಟನಡುವೆ ಹಾದುಹೋಗಬೇಕು. ಹಳೆಯದಕ್ಕೆ ಡೇಕ್ರಾನ್ ಹೆದೆಯೇ ಸರಿ, ಅದು ಸ್ವಲ್ಪ ಹಿಗ್ಗುವ ಪಾಲಿಯೆಸ್ಟರ್ ದಾರ. ಹಿಗ್ಗದ ಹೊಸ ಹೆದೆಗಳ ಹೊಡೆತಕ್ಕೆ ಹಳೇ ತುದಿಗಳು ಸೀಳಬಹುದು.

ಇನ್ನು ಪೌಂಡ್ ಲೆಕ್ಕ. ಬಿಲ್ಲಿನ ಮೇಲೆ ಬರೆದದ್ದು 28 ಇಂಚು ಎಳೆದಾಗಿನ ಭಾರ. ಕೈ ಉದ್ದವಿದ್ದು 30 ಇಂಚು ಎಳೆಯುವವರಿಗೆ ಇಂಚಿಗೆ ಎರಡು ಮೂರು ಪೌಂಡ್ ಜಾಸ್ತಿ ಬೀಳುತ್ತದೆ. ಕಾಫಿ ಮೂಟೆ ಹೊರುವ ಗಟ್ಟಿಗರು ಸೀದಾ 50ಕ್ಕೆ ಕೈ ಹಾಕುತ್ತಾರೆ. ಆದರೆ ಇಲ್ಲಿ ದುಡಿಯುವುದು ಹೆಗಲ ಮೂಳೆಗಳ ನಡುವಿನ ಸ್ನಾಯುಗಳು. ಅವು ಪಳಗುವ ಮುಂಚೆ ಭಾರ ಹೇರಿದರೆ ಭುಜದ ಸ್ನಾಯುರಜ್ಜು ನೋಯುತ್ತದೆ, ತಿಂಗಳುಗಟ್ಟಲೆ ಬಿಡುವುದಿಲ್ಲ. 20, 25 ಪೌಂಡ್‌ನಿಂದ ಶುರು ಮಾಡಿ ಅಂತ ನಾನು ಬೇಡಿಕೊಳ್ಳುತ್ತೇನೆ.

ಗೆಳೆಯ ಈಗ 25 ಪೌಂಡ್‌ನ ಹೊಸ ಬಿಲ್ಲಿನಲ್ಲಿ ಕಲಿಯುತ್ತಿದ್ದಾನೆ. ಬಿರುಕಿನ ಬಿಲ್ಲು ಹೆದೆಯಿಲ್ಲದೆ ಗೋಡೆಯ ಮೇಲಿದೆ. ಈ ಸಲದ ಕೈಲ್‌ಪೊಳ್ದ್‌ಗೆ, ಅಂದರೆ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬಕ್ಕೆ, ಕೋವಿಗಳ ಜೊತೆ ಅದಕ್ಕೂ ಒಂದು ತೋಕ್‌ಪೂ (ಕೋವಿ ಹೂವು) ಸಿಕ್ಕಿಸಿದ್ದ.